ದಡ ಸಿಗದ ‘ಬೇರ್’

ಸುಂಕ ತಪ್ಪಿಸುವ ಕಳ್ಳಸಾಗಣೆಯವರ ಮೇಲೆ ಕಣ್ಣಿಡಲೆಂದು ಅಮೆರಿಕ 1790ರಲ್ಲಿ ಒಂದು ಹಡಗುಪಡೆ ಕಟ್ಟಿತು. ಅದರ ನೌಕೆಗಳಿಗೆ ರೆವಿನ್ಯೂ ಕಟರ್ ಎಂದು ಹೆಸರು. ಅವುಗಳಲ್ಲಿ ಕರಡಿಯ ಹೆಸರು ಹೊತ್ತ ‘ಬೇರ್’ ನೆನಪಾದಾಗಲೆಲ್ಲ ಮನಸ್ಸಿಗೆ ಸಂಕಟವಾಗುತ್ತದೆ.

ಸ್ಕಾಟ್‌ಲೆಂಡಿನ ಡಂಡೀಯಲ್ಲಿ 1874ರಲ್ಲಿ ಸೀಲ್ ಬೇಟೆಗೆಂದು ಕಟ್ಟಿದ ಹಡಗು ಅದು. ಓಕ್ ಮರದ ದಪ್ಪ ಹಲಗೆಗಳು, ಮೂರು ಕೂವೆಮರ, ಒಡಲೊಳಗೆ ಉಗಿಯಂತ್ರ. ಗಾಳಿ ಬೀಸಿದರೆ ಹಾಯಿ, ಗಾಳಿ ಬಿದ್ದರೆ ಬಾಯ್ಲರು. ಉತ್ತರ ಧ್ರುವದತ್ತ ಹೋಗಿ ಸಿಕ್ಕಿಬಿದ್ದಿದ್ದ ಅನ್ವೇಷಕ ಗ್ರೀಲಿಯ ತಂಡದಲ್ಲಿ ಅಳಿದುಳಿದವರನ್ನು 1884ರಲ್ಲಿ ಕರೆತಂದ ಹಡಗುಗಳಲ್ಲಿ ಇದೂ ಒಂದು. ಮರುವರ್ಷ ಆ ಸುಂಕದ ಹಡಗುಪಡೆಗೆ ಸೇರಿತು.

ಅಲಾಸ್ಕದ ತೀರದಲ್ಲಿ ಬೇರ್ ಎಂದರೆ ಸರ್ಕಾರವೇ ತೇಲಿಬಂದಂತೆ. ಟಪಾಲು, ವೈದ್ಯರು, ನ್ಯಾಯಾಧೀಶರು ಎಲ್ಲ ಅದರಲ್ಲೇ ಬರುತ್ತಿದ್ದರು. 1886ರಿಂದ ಸುಮಾರು ಒಂಬತ್ತು ವರ್ಷ ಅದರ ಕಪ್ತಾನನಾಗಿದ್ದ ಮೈಕೆಲ್ ಹೀಲಿ ಜಾರ್ಜಿಯಾದ ಗುಲಾಮ ತಾಯಿಯ ಮಗ. ಮಹಾ ಮುಂಗೋಪಿ, ಕುಡಿತದಿಂದ ಹುದ್ದೆಯನ್ನೂ ಕಳೆದುಕೊಂಡ. ಆದರೂ ತಿಮಿಂಗಿಲ, ವಾಲ್ರಸ್ ಕಡಿಮೆಯಾಗಿ ಹಸಿದಿದ್ದ ಸ್ಥಳೀಯರಿಗೆಂದು ಸೈಬೀರಿಯದಿಂದ ಹಿಮಸಾರಂಗಗಳನ್ನು ತಂದು ಇಳಿಸಿದ್ದು ಅವನೇ.

ಆ ಸಾರಂಗಗಳೇ ಮುಂದೆ ಜೀವ ಉಳಿಸಿದವು. 1897ರಲ್ಲಿ ಎಂಟು ತಿಮಿಂಗಿಲ ಬೇಟೆಯ ಹಡಗುಗಳು ಪಾಯಿಂಟ್ ಬ್ಯಾರೊ ಬಳಿಯ ಹಿಮದಲ್ಲಿ ಸಿಲುಕಿದವು. ಇನ್ನೂರೈವತ್ತಕ್ಕೂ ಹೆಚ್ಚು ಜನ. ಚಳಿಗಾಲದಲ್ಲಿ ಅಷ್ಟು ದೂರ ಬೇರ್ ಕೂಡ ತಲುಪುವಂತಿರಲಿಲ್ಲ. ಸಿಲುಕಿದವರ ಆಹಾರಕ್ಕೆಂದು ಸಾರಂಗಗಳನ್ನು ಅಟ್ಟಿಕೊಂಡು ಹೋಗಲು, ಡಿಸೆಂಬರಿನಲ್ಲಿ ಅದು ತನ್ನ ಅಧಿಕಾರಿಗಳಾದ ಜಾರ್ವಿಸ್, ಬರ್ತಾಲ್ಫ್, ವೈದ್ಯ ಕಾಲ್ ಮೂವರನ್ನು ದಡಕ್ಕಿಳಿಸಿತು. ದಾರಿಯಲ್ಲಿ ಆರ್ಟಿಸಾರ್ಲುಕ್ ಎಂಬ ಇನುಪಿಯಾಕ್ ಪಶುಪಾಲಕ, ಮುಂದೆ ಹಿಂತಿರುಗಿಸುತ್ತೇವೆಂಬ ಬರೀ ಮಾತಿನ ಮೇಲೆ ತನ್ನ ಹಿಂಡನ್ನೇ ಬಿಟ್ಟುಕೊಟ್ಟ. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವನಾಗಿ ಕಾಣುವುದು ಅವನು. ಸುಮಾರು 2,400 ಕಿಲೋಮೀಟರ್ ಸಾಗಿ, ಮಾರ್ಚ್ ಕೊನೆಗೆ ಅವರು ಬ್ಯಾರೊ ಸೇರಿದರು.

1926ರ ಹೊತ್ತಿಗೆ ಹಡಗಿಗೆ ವಯಸ್ಸಾಯಿತು. ಓಕ್‌ಲ್ಯಾಂಡ್ ನಗರ ಕೆಲಕಾಲ ಅದನ್ನು ವಸ್ತುಸಂಗ್ರಹಾಲಯವಾಗಿ ಇಟ್ಟುಕೊಂಡು, 1932ರಲ್ಲಿ ಹರಾಜಿಗಿಟ್ಟಿತು. ಬರೀ 1,050 ಡಾಲರಿಗೆ ಕೊಂಡ ಅನ್ವೇಷಕ ರಿಚರ್ಡ್ ಬರ್ಡ್ ಅದನ್ನು ಅಂಟಾರ್ಕ್ಟಿಕಕ್ಕೆ ಒಯ್ದ. ಎರಡನೆಯ ಮಹಾಯುದ್ಧದಲ್ಲಿ, ಎಪ್ಪತ್ತರ ಹತ್ತಿರದ ಆ ಮರದ ಹಡಗು ಗ್ರೀನ್‌ಲ್ಯಾಂಡ್ ಕಾವಲಿಗೂ ಹೋಯಿತು.

ಇಷ್ಟೆಲ್ಲ ಮಾಡಿದ ಹಡಗು ಕೊನೆಗೆ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. 1963ರಲ್ಲಿ ತೇಲುವ ಹೋಟೆಲು ಮಾಡಲೆಂದು ಫಿಲಡೆಲ್ಫಿಯಾಕ್ಕೆ ಎಳೆದೊಯ್ಯುವಾಗ, ಬಿರುಗಾಳಿಗೆ ಹಗ್ಗ ಕಡಿದು ಮುಳುಗಿತು. ಹಿಮಕ್ಕೂ ಮುರಿಯಲಾಗದ ಹಡಗು ಅನಾದರಕ್ಕೆ ಬಲಿಯಾಯಿತು.

ಅವಶೇಷ ಸಿಕ್ಕಿದೆಯೆಂದು 2021ರಲ್ಲಿ ಪ್ರಕಟಿಸಿದರು. ಸಮುದ್ರದ ತಳ ಶೋಧಿಸಲು ದಶಕಗಳ ಕಾಲ ತೋರಿದ ಶ್ರದ್ಧೆಯಲ್ಲಿ ಒಂದು ಪಾಲನ್ನಾದರೂ ಹ್ಯಾಲಿಫ್ಯಾಕ್ಸಿನ ಆ ವರ್ಷಗಳಲ್ಲಿ ತೋರಿದ್ದರೆ, ಇಂದು ಮಕ್ಕಳು ಅದರ ಮೆಟ್ಟಿಲೇರಿ ಓಕ್ ಹಲಗೆ ಮುಟ್ಟಿ ನೋಡುತ್ತಿದ್ದರು.