ನನ್ನ ಹುಲ್ಲಿನ ಸಂಸಾರ

ಟಿನ್ ಫ್ಯಾಕ್ಟರಿಯಲ್ಲಿ ನಮ್ಮ ಮನೆ ಎಂದರೆ ಜನ ಕನಿಕರದಿಂದ ನೋಡುತ್ತಾರೆ. ಆ ಮನೆಯ ಮುಂದೆ ಹುಲ್ಲುಹಾಸು ಉಂಟು ಎಂದರೆ ಅನುಮಾನದಿಂದ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ತಾಣದಲ್ಲಿ ಬಸ್ಸು ಲಾರಿಗಳು ಹೊತ್ತುಗೊತ್ತಿಲ್ಲದೆ ಒಂದರ ಬೆನ್ನಿಗೊಂದು ನಿಂತಿರುತ್ತವೆ. ಅತ್ತ ತೂಗುಸೇತುವೆ, ಇತ್ತ ನೆತ್ತಿಯ ಮೇಲೆ ಮೆಟ್ರೋ. ಇಲ್ಲಿ ಬೆಳೆಯಬಲ್ಲದ್ದು ಧೂಳೊಂದೇ ಎಂಬುದು ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರ ಸಿದ್ಧಾಂತ.

ಆದರೂ ಬೆನ್ನಿಗಾನಹಳ್ಳಿಯ ಕಡೆಯ ಒಳಗಲ್ಲಿಯೊಂದರಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ನನ್ನ ಹುಲ್ಲುಹಾಸು ಇದೆ. ಇದರ ಮೂಲ ಲಾಲ್‌ಬಾಗಿನಲ್ಲಿದೆ. ಎಂಟು ವರ್ಷದ ಹುಡುಗನಾಗಿದ್ದಾಗ ಅಲ್ಲಿಯ ಹುಲ್ಲಿನ ಮೇಲೆ ಓಡಿ, ಕಾವಲುಗಾರನ ಸೀಟಿಗೆ ಬೆದರಿ, ಅಪ್ಪನ ಹಿಂದೆ ಅವಿತುಕೊಂಡಿದ್ದೆ. ಎಂದಾದರೂ ಯಾರೂ ಸೀಟಿ ಊದದ ಹುಲ್ಲಿನ ಮೇಲೆ ನಡೆಯಬೇಕೆಂದು ಅಂದೇ ಸಂಕಲ್ಪವಾಯಿತು. ಮನೆ ಕಟ್ಟಿದಾಗ ಕಾರು ನಿಲ್ಲಿಸಲು ಬಿಟ್ಟ ಜಾಗವನ್ನು ಹುಲ್ಲಿಗೆ ಕೊಟ್ಟೆ. ಕಾರು ಇರಲಿಲ್ಲವಾದ್ದರಿಂದ ಈ ತ್ಯಾಗ ಅಷ್ಟೇನೂ ಕಷ್ಟವಾಗಲಿಲ್ಲ.

ನರ್ಸರಿಯವನು ಚೌಕ ಚೌಕವಾಗಿ ಕತ್ತರಿಸಿದ 'ಮೆಕ್ಸಿಕನ್ ಹುಲ್ಲು' ತಂದು ಹಾಸಿದ. ಹೆಸರು ಮೆಕ್ಸಿಕೋದ್ದಾದರೂ ಅದು ಪೂರ್ವ ಏಷ್ಯದ ಕಡೆಯ ಜೋಯ್ಸಿಯಾ ಕುಲದ್ದು. ಹೆಸರಿಗೂ ಊರಿಗೂ ಸಂಬಂಧವಿರಬೇಕೆಂಬ ಹಟ ಟಿನ್ ಫ್ಯಾಕ್ಟರಿಯಲ್ಲಿರುವ ನಮಗೇಕೆ? "ಸಾರ್, ಗರಿಕೆ ಕಾಣಿಸಿದ ತಕ್ಷಣ ಕಿತ್ತುಬಿಡಿ. ಬಿಟ್ಟರೆ ಹುಲ್ಲನ್ನೆಲ್ಲ ತಿಂದುಹಾಕುತ್ತೆ" ಎಂದು ಎಚ್ಚರಿಸಿ ಹೋದ.

ಮೊದಲ ಬೇಸಗೆಯಲ್ಲಿ ನಾನು ಮಾಡದ ತಪ್ಪಿಲ್ಲ. ದಿನವೂ ಸಂಜೆ ಹತ್ತು ನಿಮಿಷ ಪೈಪು ಹಿಡಿದು ಚಿಮುಕಿಸುತ್ತಿದ್ದೆ. ನೀರು ಮೇಲೆಯೇ ಸಿಕ್ಕರೆ ಬೇರು ಕೆಳಕ್ಕೇಕೆ ಇಳಿದೀತು? ಅರ್ಧ ಅಂಗುಲದಾಳದಲ್ಲಿ ಕುಳಿತ ಬೇರು ಮಾರ್ಚಿಯ ಮೊದಲ ಬಿಸಿಲಿಗೇ ಬೆಂದುಹೋಯಿತು. ಅಂದವಾಗಿ ಕಾಣಲೆಂದು ನೆಲಕ್ಕೆ ಸಮನಾಗಿ ಕತ್ತರಿಸಿದೆ, ಬುಡಕ್ಕೆ ನೆರಳಿಲ್ಲದಂತಾಯಿತು. ಹಳದಿಯಾಯಿತಲ್ಲ ಎಂದು ಯೂರಿಯಾ ಎರಚಿದೆ. ಹಳದಿ ಹೋಗಿ ಕಂದು ಬಂತು. ಅನಂತರ ನಿಧಾನವಾಗಿ ಬುದ್ಧಿ ಬಂದಿತು. ವಾರಕ್ಕೆ ಎರಡೇ ಸಲ, ಬೆಳಗಿನ ಜಾವದಲ್ಲಿ, ನೆಲ ಗೇಣುದ್ದ ನೆನೆಯುವಂತೆ ನೀರು ಕೊಡಬೇಕು. ಬೇಸಗೆಯಲ್ಲಿ ಹುಲ್ಲನ್ನು ತುಸು ಎತ್ತರ ಬಿಡಬೇಕು. ಒಂದು ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ ತುಣುಕನ್ನು ಅಲ್ಲಿಯೇ ಬಿಟ್ಟರೆ ಅದೇ ಹೊದಿಕೆ, ಅದೇ ಗೊಬ್ಬರ. ಹುಲ್ಲಿಗೆ ದಾಹವಾಗಿದೆಯೇ ಎಂದು ತಿಳಿಯಲು ಅದರ ಮೇಲೆ ನಡೆದು ಹಿಂದಿರುಗಿ ನೋಡಿದರೆ ಸಾಕು. ಹೆಜ್ಜೆಯಡಿಯ ಎಸಳು ಮತ್ತೆ ಎದ್ದು ನಿಂತರೆ ಕ್ಷೇಮ. ಮಲಗಿಯೇ ಇದ್ದರೆ ನೀರು ಬೇಕು. ಇಷ್ಟು ಕಲಿತ ಮೇಲೆ ಮೂರು ಬೇಸಗೆ ಹುಲ್ಲು ಹಸುರಾಗಿಯೇ ಇತ್ತು. ಇತಿಹಾಸದ ಅಧ್ಯಾಪಕರನ್ನು ಕಾಫಿಗೆ ಕರೆದು, ಕುರ್ಚಿಯನ್ನು ಬೇಕೆಂದೇ ಅದರ ಮೇಲೆ ಹಾಕಿಸಿದೆ.

ಆಮೇಲೆ 2024 ಬಂದಿತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಮಾರ್ಚಿಯಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ, ಅದರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆಜ್ಞೆ ಹೊರಡಿಸಿತು. 12,000 ಲೀಟರಿನ ಟ್ಯಾಂಕರು ಐದು ಕಿಲೋಮೀಟರಿನೊಳಗೆ ಬಂದರೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ನಮ್ಮ ಕೊಳವೆಬಾವಿ ಮಾತ್ರ ಕೆಮ್ಮುತ್ತಾ ಕೆಮ್ಮುತ್ತಾ ನೀರು ಕೊಡುತ್ತಿತ್ತು. ನಾನು ಆಜ್ಞೆಯ ಮೇಲೆ ಭಾಷ್ಯ ಬರೆದೆ: ನಿಷೇಧವಿರುವುದು ಕುಡಿಯುವ ನೀರಿಗೆ, ನನ್ನದು ಕೊಳವೆಬಾವಿಯ ನೀರು, ಆದ್ದರಿಂದ ದೋಷವಿಲ್ಲ. ಅದೇ ನೀರನ್ನು ಸೋಸಿ ನಾವು ಕುಡಿಯುತ್ತಿದ್ದೆವೆಂಬ ಸಂಗತಿ ಭಾಷ್ಯದಲ್ಲಿ ಬರಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನನ್ನಾಕೆ ಗಾದೆಯನ್ನು ಗೋಡೆಗೆ ಹೇಳಿದಳು.

ಒಂದು ಬೆಳಗಿನ ಜಾವ ಪೈಪು ಹಿಡಿದು ನಿಂತಿದ್ದೆ. ಮನೆಗೆಲಸಕ್ಕೆ ಬರುವ ಹೆಂಗಸು ಅಂದು ಬೇಗ ಬಂದಳು. ಕೈಯಲ್ಲಿ ಎರಡು ಪ್ಲಾಸ್ಟಿಕ್ ಬಿಂದಿಗೆ. ಅವಳಿರುವ ವಠಾರದ ಬಾವಿ ಬತ್ತಿ ನಾಲ್ಕು ದಿನವಾಗಿತ್ತಂತೆ. ಒಂದು ಗಳಿಗೆ ನೀರು ಬೀಳುವುದನ್ನೇ ನೋಡಿ, "ಸಾರ್, ಹುಲ್ಲಿಗಾದ ಮೇಲೆ ಮಿಕ್ಕಿದ್ರೆ ನಂಗೆರಡು ಬಿಂದಿಗೆ ಹಿಡ್ಕೊಳ್ಲಾ?" ಎಂದಳು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನೊಂದು ಉತ್ತರ ಕೊಟ್ಟು ಪಾರಾಗುತ್ತಿದ್ದೆ.

ಪೈಪನ್ನು ಬಿಂದಿಗೆಗೆ ಹಿಡಿದೆ. ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ನನ್ನ ಹುಲ್ಲು 28 ಚದರ ಮೀಟರು. ವಾರಕ್ಕೆ 25 ಮಿಲಿಮೀಟರು ನೀರೆಂದರೆ 700 ಲೀಟರು. 15 ಲೀಟರಿನ ಬಿಂದಿಗೆಯಲ್ಲಿ 46 ಬಿಂದಿಗೆ ತುಂಬಿ ಮೇಲೊಂದಿಷ್ಟು ಉಳಿಯುತ್ತದೆ. ಈ ಲೆಕ್ಕ ಮೊದಲೇ ಹಾಕಬಹುದಿತ್ತು, ಕನ್ನಡ ಎಂ.ಎ. ಓದಿದವರಿಗೂ ಗುಣಾಕಾರ ಬರುತ್ತದೆ.

ಅಂದಿನಿಂದ ಪೈಪು ಹುಲ್ಲಿನ ಕಡೆ ತಿರುಗಲಿಲ್ಲ. ಅವಳ ಬಿಂದಿಗೆ ಎರಡಿದ್ದುದು ನಾಲ್ಕಾಯಿತು. ವಠಾರದ ಇನ್ನಿಬ್ಬರು ಬಂದರು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮಾತ್ರ ಹುಲ್ಲಿಗೆ. ಏಪ್ರಿಲ್ ಕೊನೆಯಲ್ಲಿ ಬಿಸಿಲು 38 ಡಿಗ್ರಿ ದಾಟಿತು. ಹುಲ್ಲು ನೀಲಿಗಟ್ಟಿ, ಸುರುಟಿ, ಕೊನೆಗೆ ಚಾಪೆಯ ಬಣ್ಣಕ್ಕೆ ತಿರುಗಿತು. ಒಣಗಿದ್ದೆಲ್ಲ ಸತ್ತದ್ದಲ್ಲ, ನಿದ್ದೆ ಹೋಗಿರಬಹುದು ಎಂದು ಓದಿದ್ದೆ. ಆದರೆ ಬೆಳಿಗ್ಗೆ ಬಾಗಿಲು ತೆರೆದಾಗ ಓದಿದ್ದು ನೆನಪಿಗೆ ಬರುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಹಿತ್ತಿಲ ಕಡೆಗೇ ಹೋಗುತ್ತಿದ್ದೆ.

ಜೂನ್ 2ರಂದು ಒಂದೇ ದಿನ 111 ಮಿಲಿಮೀಟರು ಮಳೆ ಸುರಿಯಿತು. ವಾರ ಕಳೆದು ನೋಡಿದರೆ ಅಲ್ಲಲ್ಲಿ ಹಸುರು. ಕುಕ್ಕರುಗಾಲಲ್ಲಿ ಕುಳಿತು ಕನ್ನಡಕ ಸರಿಪಡಿಸಿಕೊಂಡೆ: ಗರಿಕೆ! ವರ್ಷಗಟ್ಟಲೆ ಬೇರುಸಹಿತ ಕಿತ್ತೆನೆಂದು ನಾನು ಬೀಗುತ್ತಿದ್ದ ಗರಿಕೆ. ಅದರ ಕಾಂಡ ನೆಲದೊಳಗೂ ಹರಿಯುತ್ತದೆ, ಬೇರು ಎರಡು ಮೂರು ಅಡಿ ಇಳಿಯುತ್ತದೆ. ಇದನ್ನೇ ಪಶ್ಚಿಮದವರು ಬರ್ಮುಡಾ ಹುಲ್ಲೆಂದು ಕರೆದು, ಇದರ ಮಿಶ್ರತಳಿಗಳನ್ನು ಗಾಲ್ಫ್ ಮೈದಾನಗಳಿಗೆ ಹಾಸುತ್ತಾರೆ. ಮೆಕ್ಸಿಕನ್ ಹುಲ್ಲು ಎರಡು ಮೂಲೆಗಳಲ್ಲಿ ಉಳಿದಿತ್ತು, ಈಗಲೂ ಉಳಿದಿದೆ. ನಡುವೆಯೆಲ್ಲ ಗರಿಕೆಯದೇ ರಾಜ್ಯ.

ಆ ವರ್ಷ ಗಣೇಶನ ಹಬ್ಬದ ದಿನ ಕೆಲಸದಾಕೆ ಹುಲ್ಲಿನ ಅಂಚಿನಲ್ಲಿ ಅನುಮಾನಿಸುತ್ತ ನಿಂತಳು.

"ಸಾರ್, ಪೂಜೆಗೆ ಗರಿಕೆ ಬೇಕಿತ್ತು. ಕಿತ್ಕೊಂಡ್ರೆ ಬೈತೀರಾ?"

"ಬೈಯುವುದೇನು, ಇಷ್ಟು ವರ್ಷ ಅವರು ಮಾಡಿದ್ದೇ ಅದು" ಎಂದು ಒಳಗಿನಿಂದ ನನ್ನಾಕೆಯ ದನಿ ಬಂದಿತು. "ನಮ್ಮ ಪೂಜೆಗೂ ಇಪ್ಪತ್ತೊಂದು ಕಿತ್ತುಕೊಡಮ್ಮ."