ಹಾಡು ಉಳಿಯುವುದು ಹೇಗೆ?

ಕನಕಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ರಘು ದೀಕ್ಷಿತ್ ಹಾಡು ಹಾಕಿದರೆ ನಾನೂ ಕಿವಿಗೊಡುತ್ತೇನೆ. ಮೈಸೂರಿನಲ್ಲಿ ಬೆಳೆದ ರಘು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ಆಮೇಲೆ ಗಿಟಾರ್ ಹಿಡಿದು ತಾವೇ ಹಾಡು ಕಟ್ಟಿ ಹಾಡತೊಡಗಿದರು. ವೇದಿಕೆಗೆ ಬರುವಾಗ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟುತ್ತಾರೆ.

2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ಸ್ವಂತ ಹಾಡುಗಳ ಜೊತೆ ಶಿಶುನಾಳ ಷರೀಫರ ಪದವೂ ಇದೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಕಾಲಕ್ಕೆ ನಮ್ಮಲ್ಲಿ ಧ್ವನಿಮುದ್ರಣವೇ ಇರಲಿಲ್ಲ. ಆದರೂ ಆ ಪದಗಳು ಬಾಯಿಂದ ಬಾಯಿಗೆ ಬಂದವು. ನಾನು ಕೇಳಿದ್ದು ಸಿ. ಅಶ್ವಥ್ ಅವರ ಕ್ಯಾಸೆಟ್ಟಿನಲ್ಲಿ, ಮೊಮ್ಮಗಳು ಕೇಳುತ್ತಿರುವುದು ರಘು ಅವರ ದನಿಯಲ್ಲಿ.

ಎಲ್ಲ ಹಾಡಿಗೂ ಆ ಅದೃಷ್ಟವಿಲ್ಲ. ನಮ್ಮವ್ವ ರಾಗಿ ಬೀಸುತ್ತಾ ಹಾಡುತ್ತಿದ್ದಳು. ಊರಿಗೆ ಹಿಟ್ಟಿನ ಮಿಲ್ಲು ಬಂತು. ಬೀಸುವ ಕಲ್ಲು ಮೂಲೆ ಸೇರಿತು, ಹಾಡೂ ನಿಂತಿತು. ಈಗ ನನಗೆ ಅದರ ಧಾಟಿ ನೆನಪಿದೆ, ಮಾತುಗಳಿಲ್ಲ.

ನಮ್ಮ ಪಕ್ಕದ ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದ್ದು ಇಂಥವನ್ನು ಉಳಿಸಲೆಂದೇ. ಮಕ್ಕಳೇ, ನಿಮ್ಮ ಅಜ್ಜಿಯ ಒಂದು ಹಾಡನ್ನಾದರೂ ಮೊಬೈಲಿನಲ್ಲಿ ಹಿಡಿದಿಡಿ. ಅಷ್ಟಕ್ಕೇ ಬಿಡಬೇಡಿ, ಕಲಿತು ನೀವೂ ಹಾಡಿ.