ನಮ್ಮ ತಾತ

ದೊಡ್ಡವರ ಜೀವನಚರಿತ್ರೆಗಳನ್ನು ಬರೆಯಲು ದೊಡ್ಡ ಲೇಖಕರಿದ್ದಾರೆ. ನಾನು ಬರೆಯಹೊರಟಿರುವುದು, ಯಾವ ಪತ್ರಿಕೆಯಲ್ಲಿಯೂ ಹೆಸರು ಬಾರದೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತರ ಸಮೀಪದವರೆಗೆ ಬಾಳಿ, 2025ರ ಫೆಬ್ರವರಿಯಲ್ಲಿ ತೀರಿಕೊಂಡ ನಮ್ಮ ತಾತನ ವಿಷಯ. ಸಹಪಾಠಿಗಳಲ್ಲಿ ಅನೇಕರ ಮನೆಯಲ್ಲಿಯೂ ಇಂಥ ತಾತಂದಿರು ಇದ್ದಾರು. ಆದ್ದರಿಂದ ಹೆಚ್ಚು ಪೀಠಿಕೆ ಬೇಡ.

ತಾತ ಓದಿದ್ದು ಮೂರನೆಯ ಕ್ಲಾಸು. ಇದ್ದದ್ದು ಎರಡು ಎಕರೆ ತೋಟ, ತೊಂಬತ್ತು ಚಿಲ್ಲರೆ ತೆಂಗಿನ ಮರ. ನಮ್ಮ ಸೀಮೆಯ ಉಂಡೆ ಕೊಬ್ಬರಿಯ ವಿಷಯ ಪರಸ್ಥಳದಿಂದ ಬಂದ ಅಧ್ಯಾಪಕರಿಗೆ ತಿಳಿದಿರಲಾರದೆಂದು ಒಂದು ಮಾತು ಹೇಳುತ್ತೇನೆ. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಅವಸರಪಟ್ಟು ಒಡೆದರೆ ಗಿಟುಕು ಹೋಳಾಗಿ, ತಿಪಟೂರಿನ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಗದು. ತಾತ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, “ಇದು ಆಗೈತೆ, ಇದಕ್ಕಿನ್ನೂ ತಿಂಗಳು ಬೇಕು” ಎಂದು ವಿಂಗಡಿಸುತ್ತಿದ್ದರು. ಇಂಥ ಕಸುಬಿನವರಿಗೆ ತಾಳ್ಮೆ ಹುಟ್ಟುಗುಣವೆಂದು ಪಟ್ಟಣದವರು ತಿಳಿಯಬಹುದು. ಅದು ಸುಳ್ಳು. ತಾತನ ತಾಳ್ಮೆಯೆಲ್ಲ ಅಟ್ಟದ ಮೇಲಿತ್ತು. ಕೆಳಗಿಳಿದರೆ ಬಸ್ಸು ಐದು ನಿಮಿಷ ತಡವಾದದ್ದಕ್ಕೂ ಕಂಡಕ್ಟರನೊಡನೆ ಜಗಳ.

ನಮ್ಮ ತಂದೆಯವರು 2000ದಲ್ಲಿ ಪಿ.ಯು.ಸಿ. ಪಾಸು ಮಾಡಿದರು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಅಷ್ಟರಲ್ಲಿ ನಮ್ಮ ತೋಟಕ್ಕೂ ಬಂದಿತ್ತು. ಕಣ್ಣಿಗೆ ಕಾಣದ ಆ ನುಸಿ ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುತ್ತದೆ. ಕಾಯಿ ಕಂದುಗಟ್ಟಿ ಬಿರಿದು ಸಣ್ಣದಾಗಿಯೇ ಉಳಿಯುತ್ತದೆ. ಆ ವರ್ಷ ಅಟ್ಟ ಅರ್ಧವೂ ತುಂಬಲಿಲ್ಲ. ಕಾಲೇಜು ಸೇರಬೇಕಾಗಿದ್ದ ತಂದೆಯವರು ತಾತನೊಡನೆ ಮರಮರದ ಬುಡ ಅಗೆದು ಬೇರಿಗೆ ಔಷಧಿ ಕಟ್ಟಿದರು. ಅಲ್ಲಿಗೆ ಅವರ ಓದು ನಿಂತಿತು. ತಂದೆಯವರು ಈ ಮಾತನ್ನು ಎಂದೂ ಎತ್ತಿದವರಲ್ಲ. ತಾತ ಮಾತ್ರ, ಯಾರೂ ಕೇಳದಿದ್ದರೂ, “ಅವನ್ನ ಓದಿಸೋ ವರ್ಷಾನೇ ಆ ಹಾಳು ನುಸಿ ಬಂತು ಕಣವ್ವಾ” ಎನ್ನುತ್ತಿದ್ದರು.

2011ರಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋದವು. ಆಗ ನನಗೆ ಆರು ವರ್ಷ. ಅದಕ್ಕೆ ಮುಂಚೆ ತಾತ ಎಂಥ ಗಂಡನಾಗಿದ್ದರೆಂದು ಕೇಳಿದರೆ, ಊರಿನ ಎಲ್ಲರಂತೆಯೇ ಎಂದು ಹೇಳಬೇಕು. ತಟ್ಟೆ ಮುಂದೆ ಬರಬೇಕು, ನೀರು ಕೈಗೆ ಬರಬೇಕು. ಆದರೆ ಆಸ್ಪತ್ರೆಯಿಂದ ಬಂದ ಮರುದಿನವೇ ಅವರು ಒಲೆಯ ಮುಂದೆ ಕುಳಿತರು. ಅಮ್ಮ “ಬಿಡಿ ಮಾವ, ನಾನು ನೋಡ್ಕೋತೀನಿ” ಎಂದರೂ ಏಳಲಿಲ್ಲ. ರಾಗಿ ಗಂಜಿ ಮೊದಲ ವಾರವೆಲ್ಲ ಗಂಟುಗಂಟು. ಅಜ್ಜಿ ಮುಖ ಸಿಂಡರಿಸಿಕೊಂಡೇ ಕುಡಿದಳು.

ಅಜ್ಜಿಗೆ ಉದ್ದ ಕೂದಲು. ಕತ್ತರಿಸಿಬಿಡಿ, ಸಿಕ್ಕಾಗುತ್ತದೆ ಎಂದು ನೋಡಲು ಬಂದವರೆಲ್ಲ ಹೇಳಿದರು. ತಾತ ಒಪ್ಪಲಿಲ್ಲ. ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುತ್ತಿದ್ದ ಕೈಗೆ ಮೂರು ಕಾಲಿನ ಜಡೆ ಯಾವ ಲೆಕ್ಕ? ಪ್ರತಿದಿನ ಬೆಳಗ್ಗೆ ಜಗಲಿಯ ಮೇಲೆ, ಹೋಗಿ ಬರುವವರೆಲ್ಲ ಕಾಣುವಂತೆ, ಎಣ್ಣೆ ಹಚ್ಚಿ ಬಾಚಿ ಜಡೆ ಹಾಕುವರು. ಊರಿನ ಗಂಡಸರು ನಕ್ಕರು. “ಹೆಂಡ್ತಿ ಗುಲಾಮ” ಎಂಬ ಮಾತನ್ನು ನಾನೇ ಕೇಳಿದ್ದೇನೆ. ತಾತ ತಲೆಯೆತ್ತದೆ, “ನಲವತ್ತು ವರ್ಷ ನಂಗೆ ಬಡಿಸವ್ಳೆ. ಬಾಕಿ ತೀರಿಸ್ತಾ ಇವ್ನಿ” ಎಂದರು. ಅವರ ಸಿಡುಕಿನ ಬಾಯಿಂದ ಅಷ್ಟು ಮೆತ್ತಗೆ ಬಂದ ಉತ್ತರವನ್ನು ನಾನು ಬೇರೆ ಕೇಳಲಿಲ್ಲ. ಅಜ್ಜಿಗೂ ಹಾಸ್ಯ ಕಡಿಮೆಯಿರಲಿಲ್ಲ. ತೊದಲುತ್ತಲೇ, “ನಾನು ಬೀಳ್ದೇ ಇದ್ದಿದ್ರೆ ನಿಮ್ಗೆ ಅನ್ನ ಬಸಿಯೋಕೆ ಯಾರು ಕಲಿಸ್ತಿದ್ರು?” ಎನ್ನುವಳು. ಅಜ್ಜಿಯ ಸರದಿ ಮುಗಿದ ಮೇಲೆ ನನ್ನದು. ಏಳನೆಯ ತರಗತಿಯವರೆಗೆ ನನ್ನ ಜಡೆ ಹಾಕಿದವರು ತಾತನೇ. ಸ್ವಲ್ಪ ಬಿಗಿ ಹೆಚ್ಚು, ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಈ ಏಳು ವರ್ಷ ಅವರು ಒಂದು ರಾತ್ರಿಯೂ ಹೊರಗೆ ತಂಗಲಿಲ್ಲ. ತಿಪಟೂರಿಗೆ ಕೊಬ್ಬರಿ ಹಾಕಲು ಹೋದರೂ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. 2018ರಲ್ಲಿ ಅಜ್ಜಿ ಹೋದಳು.

ನಾನು ಈ ಕಾಲೇಜಿಗೆ ಸೇರಿದ್ದು 2023ರಲ್ಲಿ. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಪೇಟೆಯ ಧಾರಣೆಯೋ 9,000ಕ್ಕಿಂತ ಕೆಳಗಿಳಿದಿತ್ತು. ಈಗ ಮಾರುವುದು ಬೇಡವೆಂದರು ತಂದೆ. “ಧಾರಣೆ ಇವತ್ತಲ್ಲ ನಾಳೆ ಬರ್ತದೆ. ಕಾಲೇಜ್ನೋರು ಬಾಗ್ಲು ಹಾಕ್ಕೊಂತಾರೆ ಕಣೋ” ಎಂದು ತಾತ ಚೀಲ ಹೊಲಿಸಿಯೇಬಿಟ್ಟರು. ವ್ಯಾಪಾರದ ದೃಷ್ಟಿಯಿಂದ ಅದು ಶುದ್ಧ ನಷ್ಟವೆಂದು ನನ್ನ ಅರ್ಥಶಾಸ್ತ್ರವೂ ಹೇಳುತ್ತದೆ.

ಒಮ್ಮೆ ನಾನು ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಮುಂದಿಟ್ಟುಕೊಂಡು ತಿಣುಕುತ್ತಿದ್ದೆ. ಯಾರು ಬರೆದದ್ದೆಂದು ತಾತ ಕೇಳಿದರು. 1906ರಲ್ಲಿ ನಮ್ಮ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಎಂದೆ. “ನಮ್ ತೀರ್ಥಪುರದೋರಾ?” ಎಂದು ಪುಸ್ತಕವನ್ನು ಕೈಗೆತ್ತಿಕೊಂಡು, ಕೊಬ್ಬರಿ ತೂಗಿ ನೋಡುವಂತೆ ತೂಗಿ, “ಭಾರ ಐತೆ. ಓದು” ಎಂದರು. ಅಲಂಕಾರಶಾಸ್ತ್ರದ ಬಗ್ಗೆ ಅವರ ಅಭಿಪ್ರಾಯ ಅಷ್ಟೇ.

2024ರ ಶ್ರಾವಣದಲ್ಲಿ ಅವರು ಅಟ್ಟಕ್ಕೇರಿಸಿದ ಕಾಯೇ ಕೊನೆಯದು. ಅದನ್ನು ಮಗುವಿನ ಮುಂದಿನ ಓದಿಗೆ ಇಡಬೇಕೆಂದು ತಂದೆಗೆ ಹೇಳಿಹೋಗಿದ್ದರು. ಮರುವರ್ಷ ಆಷಾಢದಲ್ಲಿ, ತಿಪಟೂರಿನ ಧಾರಣೆ 20,000 ದಾಟಿದಾಗ, ತಂದೆಯವರು ಅಟ್ಟ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಒಂದು ಕಾಯನ್ನು ಅಲುಗಾಡಿಸಿ ಕೇಳಿ, ಸಂಶಯದಿಂದ ನನ್ನ ಕೈಗೆ ಕೊಟ್ಟು, “ನೋಡವ್ವಾ, ಆಗೈತಾ?” ಎಂದರು. ಒಳಗೆ ಗುಡುಗುಡು ಎಂದಿತು. ಸದ್ದಾದವನ್ನು ಒಂದು ಕಡೆ ಹಾಕಿದೆವು. ಮಿಕ್ಕವನ್ನು ಇನ್ನೊಂದು ತಿಂಗಳು ಅಲ್ಲಿಯೇ ಬಿಟ್ಟು ಇಳಿದೆವು.